ಹಳೆಯ ಲಂಡನ್ ಸೇತುವೆ: ಕಮಾನಿಗಿಂತ ಕಷ್ಟದ್ದು ಅದರ ಬುಡ

ಕಲ್ಲಿನ ಕಮಾನು ಸೇತುವೆ ಎದುರಿಗಿದ್ದರೆ ನಮ್ಮ ಕಣ್ಣು ಮೊದಲು ಕಮಾನಿನ ಮೇಲೇ ಹೋಗುತ್ತದೆ. ಅಷ್ಟು ಭಾರದ ಕಲ್ಲುಗಳು ನಡುನೀರಿನ ಮೇಲೆ ಬೀಳದೆ ಹೇಗೆ ನಿಂತವು ಎಂಬ ಬೆರಗು ಸಹಜ. ಮಧ್ಯಯುಗದ ಯುರೋಪಿನಲ್ಲಿ ಇಂಥ ಸೇತುವೆ ಕಟ್ಟಿದವರಿಗೆ ಮಾತ್ರ ಕಮಾನು ದೊಡ್ಡ ತಲೆನೋವಾಗಿರಲಿಲ್ಲ. ಚರ್ಚು, ಕೋಟೆ, ನೆಲಮಾಳಿಗೆ ಎಂದು ಎಲ್ಲೆಡೆ ಕಮಾನು ಕಟ್ಟಿ ಅವರ ಕೈ ಪಳಗಿತ್ತು. ಅವರ ನಿದ್ದೆಗೆಡಿಸುತ್ತಿದ್ದದ್ದು ಹರಿಯುವ ನೀರಿನೊಳಗೆ ಕಂಬಕ್ಕೆ ಬುಡ ಕೊಡುವ ಕೆಲಸ. ಇದನ್ನು ಅರ್ಥ ಮಾಡಿಕೊಳ್ಳಲು ಲಂಡನ್ನಿನ ಹಳೆಯ ಸೇತುವೆಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. 1176ರಲ್ಲಿ ಶುರುವಾಗಿ 1209ರಲ್ಲಿ ಮುಗಿದ ಈ ಸೇತುವೆ 1831ರವರೆಗೆ ಬಳಕೆಯಲ್ಲಿತ್ತು. ಆ 600ಕ್ಕೂ ಹೆಚ್ಚು ವರ್ಷಗಳಲ್ಲಿ ಅದಕ್ಕೆ ಒದಗಿದ ಒಳ್ಳೆಯದು, ಕೆಟ್ಟದ್ದು ಬಹುಪಾಲು ಬುಡ ಕಟ್ಟಿದ ರೀತಿಯಿಂದಲೇ ಹುಟ್ಟಿದವು.

ಥೇಮ್ಸ್ ನದಿಗೆ ಅದೇ ಆಸುಪಾಸಿನಲ್ಲಿ ರೋಮನ್ನರ ಕಾಲದಿಂದಲೂ ಮರದ ಸೇತುವೆಗಳಿದ್ದವು. ಮರದ ಸೇತುವೆ ಎಂದರೆ ಬೆಂಕಿಗೂ ಪ್ರವಾಹಕ್ಕೂ ಸಮಾನ ಆಹುತಿ. 1136ರ ಬೆಂಕಿಯಲ್ಲಿ ಒಂದು ಹೋಯಿತು. 1163ರಲ್ಲಿ ಎಲ್ಮ್ ಮರದಲ್ಲಿ ಅದನ್ನು ಮತ್ತೆ ಕಟ್ಟಿದವನು ಕೋಲ್‌ಚರ್ಚ್‌ನ ಪೀಟರ್ ಎಂಬ ಪಾದ್ರಿ. ಹದಿಮೂರು ವರ್ಷದ ಮೇಲೆ ಕಲ್ಲಿನ ಸೇತುವೆಗೆ ಕೈಹಾಕಿದವನೂ ಅವನೇ. ಪಾದ್ರಿಗೂ ಸೇತುವೆಗೂ ಏನು ಸಂಬಂಧ ಎಂದು ಕೇಳಬಹುದು. ನಮ್ಮಲ್ಲಿ ಕೆರೆ ಕಟ್ಟಿಸುವುದು, ಅರವಟಿಗೆ ಇಡುವುದು ಹೇಗೆ ಪುಣ್ಯದ ಕೆಲಸವಾಗಿತ್ತೋ, ಆ ಕಾಲದ ಕ್ರೈಸ್ತ ಯುರೋಪಿನಲ್ಲಿ ಸೇತುವೆ ಕಟ್ಟುವುದೂ ಹಾಗೆಯೇ ಇತ್ತು. ಜನ ದೇವರ ಹೆಸರಿನಲ್ಲಿ ಅದಕ್ಕೆ ದಾನ ಕೊಡುತ್ತಿದ್ದರು.

ಪೀಟರ್‌ಗೆ ಇನ್ನೊಂದು ಅನುಕೂಲವೂ ಒದಗಿಬಂತು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನನ್ನು 1170ರಲ್ಲಿ ದೊರೆ ಎರಡನೆಯ ಹೆನ್ರಿಯ ಕಡೆಯ ಸರದಾರರು ಚರ್ಚಿನೊಳಗೇ ಕೊಂದಿದ್ದರು. 1173ರಲ್ಲಿ ಅವನನ್ನು ಸಂತನೆಂದು ಸಾರಲಾಯಿತು. ಬೆಕೆಟ್ ಹುಟ್ಟಿದ್ದು ಲಂಡನ್ನಿನಲ್ಲಿ, ಅವನ ನಾಮಕರಣದ ಸ್ನಾನ ನಡೆದದ್ದು ಪೀಟರ್ ಸೇವೆ ಮಾಡುತ್ತಿದ್ದ ಕೋಲ್‌ಚರ್ಚ್‌ನಲ್ಲೇ. ಹೊಸ ಸೇತುವೆಯ ನಡುಮಧ್ಯೆ, ಎಲ್ಲಕ್ಕಿಂತ ದೊಡ್ಡ ಕಂಬದ ಮೇಲೆ, ಅವನ ಹೆಸರಿನ ಎರಡಂತಸ್ತಿನ ಪ್ರಾರ್ಥನಾ ಮಂದಿರವೇ ಎದ್ದಿತು. ಕ್ಯಾಂಟರ್‌ಬರಿಗೆ ಹೊರಟ ಯಾತ್ರಿಕರು ಅಲ್ಲಿ ನಿಂತು ಕೈಮುಗಿದು ಕಾಣಿಕೆ ಹಾಕಿ ಮುಂದೆ ಹೋಗುತ್ತಿದ್ದರು.

ಇನ್ನು ಕಮಾನಿನ ವಿಷಯ. ಕಲ್ಲಿಗೆ ಒಂದು ಬಲ ಇದೆ, ಒಂದು ದೌರ್ಬಲ್ಯ ಇದೆ. ಒತ್ತಿದರೆ ಅದು ಅಪಾರ ಭಾರ ತಾಳುತ್ತದೆ, ಬಗ್ಗಿಸಲು ಹೋದರೆ ಮುರಿಯುತ್ತದೆ. ಎರಡು ಕಂಬಗಳ ಮೇಲೆ ಕಲ್ಲಿನ ಚಪ್ಪಡಿ ಅಡ್ಡ ಇಟ್ಟರೆ, ಭಾರ ಬಿದ್ದಾಗ ಚಪ್ಪಡಿಯ ಮೇಲ್ಭಾಗ ಅಮುಕಿಕೊಳ್ಳುತ್ತದೆ, ಕೆಳಭಾಗ ಎಳೆತಕ್ಕೆ ಸಿಕ್ಕುತ್ತದೆ. ಬಿರುಕು ಹುಟ್ಟುವುದು ಆ ಕೆಳಭಾಗದಲ್ಲಿ. ಹಾಗಾಗಿ ಚಪ್ಪಡಿ ಸೇತುವೆಯಲ್ಲಿ ಕಂಬಗಳು ಹತ್ತಿರ ಹತ್ತಿರ ಇರಲೇಬೇಕು. ಹಂಪಿಯ ವಿಠ್ಠಲ ದೇವಸ್ಥಾನದ ಹತ್ತಿರ ತುಂಗಭದ್ರೆಯೊಳಗೆ ಸಾಲಾಗಿ ನಿಂತಿರುವ ಹಳೆಯ ಸೇತುವೆಯ ಕಲ್ಲುಕಂಬಗಳನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ದಿವಾನ್ ಪೂರ್ಣಯ್ಯನವರು 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯೂ ಕಂಬದ ಮೇಲೆ ಕಲ್ಲುತೊಲೆ ಇಟ್ಟ ಬಗೆಯದೇ. ನಮ್ಮ ಆ ನದಿಗಳ ತಳದಲ್ಲಿ ಬಂಡೆ ಸಿಗುತ್ತದೆ ಎಂಬುದನ್ನು ಮರೆಯಬಾರದು. ಬುಡ ಗಟ್ಟಿಯಿದ್ದಾಗ ಹತ್ತು ಕಂಬದ ಜಾಗದಲ್ಲಿ ನೂರು ಕಂಬ ನಿಲ್ಲಿಸಬಹುದು.

ಕಮಾನು ಇದೇ ಕಲ್ಲನ್ನು ಬೇರೆ ರೀತಿ ದುಡಿಸಿಕೊಳ್ಳುತ್ತದೆ. ಬೆಣೆಯ ಆಕಾರಕ್ಕೆ ಕೆತ್ತಿದ ಕಲ್ಲುಗಳನ್ನು ಬಾಗಿದ ಸಾಲಿನಲ್ಲಿ ಜೋಡಿಸಿದರೆ, ಮೇಲಿನ ಭಾರ ಒಂದು ಕಲ್ಲಿನಿಂದ ಪಕ್ಕದ ಕಲ್ಲಿಗೆ ಒತ್ತಡವಾಗಿಯೇ ದಾಟುತ್ತಾ ಕಂಬಕ್ಕಿಳಿಯುತ್ತದೆ. ಯಾವ ಕಲ್ಲೂ ಬಗ್ಗಬೇಕಾಗಿಲ್ಲ. ಕಟ್ಟುವಾಗ ಅಡಿಯಲ್ಲಿ ಮರದ ಆಸರೆ ಬೇಕು. ಎರಡೂ ಬದಿಯಿಂದ ಕಲ್ಲು ಏರಿಸುತ್ತಾ ಬಂದು, ನೆತ್ತಿಯ ಕೊನೆಯ ಕಲ್ಲು ಕೂರಿಸಿ, ಗಾರೆ ಬಿಗಿಯಾದ ಮೇಲೆ ಆಸರೆ ಬಿಚ್ಚಿದರೆ ಕಮಾನು ತನ್ನ ಭಾರದಿಂದಲೇ ಬಿಗಿದು ನಿಲ್ಲುತ್ತದೆ. ಆದರೆ ಅದು ಕೆಳಕ್ಕೆ ಒತ್ತುವುದಷ್ಟೇ ಅಲ್ಲ, ಕಂಬಗಳನ್ನು ಹೊರಕ್ಕೂ ತಳ್ಳುತ್ತಿರುತ್ತದೆ. ಒಂದು ಕಂಬದ ಎರಡೂ ಕಡೆ ಕಮಾನಿದ್ದರೆ ಒಂದರ ತಳ್ಳು ಇನ್ನೊಂದರ ತಳ್ಳಿಗೆ ಸರಿಹೋಗುತ್ತದೆ. ಒಂದೇ ಕಡೆ ಇದ್ದರೆ ಆ ತಳ್ಳನ್ನು ಕಂಬ ಒಂಟಿಯಾಗಿ ತಡೆಯಬೇಕು. ಮಧ್ಯಯುಗದ ಮೇಸ್ತ್ರಿಗಳು ಕಂಬಗಳನ್ನು ಅಷ್ಟು ದಪ್ಪ ಮಾಡಿದ್ದಕ್ಕೆ ಒಂದು ಕಾರಣ ಇದೇ. ಕಂಬ ತಾನೇ ನಿಲ್ಲುವಷ್ಟು ದಪ್ಪವಿದ್ದರೆ ಒಂದೊಂದೇ ಕಮಾನು ಮುಗಿಸುತ್ತಾ ಹೋಗಬಹುದು. ಹಣ ಬಂದಷ್ಟು ಕೆಲಸ, ನಿಂತರೆ ನಿಂತಲ್ಲಿಗೆ. ದಾನದ ದುಡ್ಡಿನಲ್ಲಿ ನಡೆಯುವ ಕಾಮಗಾರಿಗೆ ಇದಕ್ಕಿಂತ ಒಪ್ಪುವ ಕ್ರಮ ಇನ್ನೊಂದಿರಲಿಲ್ಲ.

ಈಗ ಬುಡಕ್ಕೆ ಬರೋಣ. ಲಂಡನ್ನಿನಲ್ಲಿ ಥೇಮ್ಸ್ ಬರೀ ನದಿಯಲ್ಲ. ಸಮುದ್ರದ ಉಬ್ಬರ ಇಳಿತ ದಿನಕ್ಕೆ ಎರಡು ಸಲ ಅಲ್ಲಿಯವರೆಗೂ ಬಂದು ಹೋಗುತ್ತದೆ. ನೀರು ಕೆಲವು ಗಂಟೆ ಸಮುದ್ರದ ಕಡೆ ಹರಿದರೆ, ಕೆಲವು ಗಂಟೆ ಮೇಲ್ಮುಖವಾಗಿ ಹರಿಯುತ್ತದೆ. ತಳದಲ್ಲಿ ಬಂಡೆ ಇಲ್ಲ, ಇರುವುದು ಕೆಸರು, ಜಲ್ಲಿ, ಅದರಡಿ ಜೇಡಿಮಣ್ಣು. ಇಂಥ ಕಡೆ ಬುಡ ಹಾಕುವ ಸರಿಯಾದ ವಿಧಾನ ರೋಮನ್ನರಿಗೆ ಗೊತ್ತಿತ್ತು. ಸುತ್ತ ನೀರು ನುಗ್ಗದ ಹಾಗೆ ಮರದ ಬೇಲಿ ಹೊಡೆದು, ಒಳಗಿನ ನೀರನ್ನು ಎತ್ತಿ ಹಾಕಿ, ಒಣ ನೆಲದಲ್ಲಿ ಆಳಕ್ಕೆ ಅಗೆದು ಪಾಯ ಹಾಕುವುದು. ಉಬ್ಬರ ಇಳಿತವಿರುವ ಅಗಲ ನದಿಯಲ್ಲಿ, ಕೈಯಿಂದ ನಡೆಸುವ ನೀರೆತ್ತುವ ಸಾಧನಗಳನ್ನು ನಂಬಿಕೊಂಡು ಹೀಗೆ ಮಾಡುವುದು ತೀರಾ ಕಷ್ಟದ ಮಾತು.

ಪೀಟರ್‌ನ ಮೇಸ್ತ್ರಿಗಳು ಹಿಡಿದ ದಾರಿ ಬೇರೆ. ಇಳಿತದ ಹೊತ್ತಿನಲ್ಲಿ ನೀರು ತಗ್ಗಿದಾಗ, ನದಿಯ ಉದ್ದಕ್ಕೆ ಚಾಚಿದ ದೋಣಿಯಾಕಾರದ ಒಂದು ಸುತ್ತಿನಲ್ಲಿ ಎಲ್ಮ್ ಮರದ ಗೂಟಗಳನ್ನು ಒತ್ತೊತ್ತಾಗಿ ತಳಕ್ಕೆ ಬಡಿದು ಇಳಿಸಿದರು. ಹಗ್ಗದಲ್ಲಿ ಮೇಲೆತ್ತಿದ ಭಾರದ ದಿಮ್ಮಿಯನ್ನು ಗೂಟದ ನೆತ್ತಿಯ ಮೇಲೆ ಬೀಳಿಸುವುದು, ಮತ್ತೆ ಎತ್ತುವುದು, ಮತ್ತೆ ಬೀಳಿಸುವುದು. ಹೀಗೆ ಎದ್ದ ಆವರಣದ ಒಳಗೆ ಕಲ್ಲು, ಜಲ್ಲಿ ಸುರಿದು ತುಂಬಿದರು. ಅದರ ಮೇಲೆ ಓಕ್ ಮರದ ತೊಲೆಗಳನ್ನು ಹಾಸಿ, ಇಳಿತದ ನೀರಿನ ಮಟ್ಟದ ಆಸುಪಾಸಿನಿಂದ ಕಂಬದ ಕಲ್ಲಿನ ಕೆಲಸ ಎಬ್ಬಿಸಿದರು. ನದಿಯೊಳಗೆ ಒಂದೊಂದು ಕಂಬಕ್ಕೂ ಹೀಗೊಂದು ಕಟ್ಟೆ. ಇಂಗ್ಲಿಷರು ಇದನ್ನು ಸ್ಟಾರ್ಲಿಂಗ್ ಎಂದು ಕರೆಯುತ್ತಿದ್ದರು. ನಾನು ಕಟ್ಟೆ ಎಂದೇ ಬರೆಯುತ್ತೇನೆ.

ಸದಾ ನೀರಿನಲ್ಲಿ ಮುಳುಗಿದ ಮರಕ್ಕೆ ಗಾಳಿ ಸೋಕದ ಕಾರಣ ಅದನ್ನು ತಿನ್ನುವ ಬೂಷ್ಟು ಬೆಳೆಯುವುದಿಲ್ಲ. ಎಲ್ಮ್ ಗೂಟ ತಳದಲ್ಲಿ ಶತಮಾನಗಟ್ಟಲೆ ಗಟ್ಟಿಯಾಗಿಯೇ ಉಳಿಯುತ್ತದೆ. ಕಷ್ಟ ಇರುವುದು ದಿನಕ್ಕೆ ಎರಡು ಸಲ ನೆನೆದು ಎರಡು ಸಲ ಒಣಗುವ ಮೇಲಿನ ಭಾಗಕ್ಕೆ. ಅಲ್ಲಿ ಮರ ಕೊಳೆಯುತ್ತದೆ, ದೋಣಿಗಳು ಬಡಿಯುತ್ತವೆ, ಚಳಿಗಾಲದ ಮಂಜುಗಡ್ಡೆ ಉಜ್ಜುತ್ತದೆ. ಒಳಗೆ ತುಂಬಿದ ಜಲ್ಲಿಯನ್ನು ಹರಿವು ಬಿಡದೆ ಹೊರಕ್ಕೆಳೆಯುತ್ತಿರುತ್ತದೆ.

ಕೆಲಸ 33 ವರ್ಷ ಹಿಡಿಯಿತು. ಮುಗಿಯುವುದನ್ನು ಪೀಟರ್ ನೋಡಲಿಲ್ಲ. 1205ರಲ್ಲಿ ತೀರಿಕೊಂಡ ಅವನನ್ನು ಸೇತುವೆಯ ಮೇಲಿನ ಆ ಪ್ರಾರ್ಥನಾ ಮಂದಿರದಲ್ಲೇ ಹೂಳಿದರು. ಅದಕ್ಕೂ ಮೊದಲೇ ದೊರೆ ಜಾನ್, ಫ್ರಾನ್ಸಿನ ಸ್ಯಾಂತ್ ಮತ್ತು ಲಾ ರೋಶೆಲ್ ಊರುಗಳಲ್ಲಿ ಸೇತುವೆ ಕಟ್ಟಿ ಹೆಸರಾದ ಇಸೆಂಬರ್ಟ್ ಎಂಬವನನ್ನು ಈ ಕೆಲಸಕ್ಕೆ ಸೂಚಿಸಿದ್ದ. 1209ರಲ್ಲಿ ಮುಗಿದ ಸೇತುವೆಗೆ 19 ಕಂಬಗಳು. ಉದ್ದ ಸುಮಾರು 275 ಮೀಟರ್. ಹಡಗು ಹಾಯಲು ಒಂದು ಕಡೆ ಕಮಾನಿನ ಬದಲು ಎತ್ತುವ ಹಲಗೆಸೇತುವೆ. ಕಂಬಗಳ ದಪ್ಪ ಒಂದರಂತೆ ಒಂದಿರಲಿಲ್ಲ, ಕಮಾನುಗಳ ಅಗಲವೂ ಹಾಗೆಯೇ. ಗೂಟ ಎಲ್ಲಿ ಗಟ್ಟಿಯಾಗಿ ಕೂತಿತೋ ಅಲ್ಲಿ ಕಂಬ, ಉಳಿದಷ್ಟು ಜಾಗದಲ್ಲಿ ಕಮಾನು.

ಈ ಕಟ್ಟೆಗಳು ಕಂಬಗಳಿಗಿಂತಲೂ ಅಗಲವಾಗಿದ್ದವು. ಇಳಿತದಲ್ಲಿ ಅವು ನೀರಿನಿಂದ ಮೇಲೆದ್ದಾಗ ಹರಿವಿಗೆ ಉಳಿಯುತ್ತಿದ್ದ ಜಾಗ ನದಿಯ ಅಗಲದ ಕಾಲುಭಾಗದಷ್ಟು. ಅಲ್ಲಿಗೆ ಸೇತುವೆ ಅರ್ಧ ಅಣೆಕಟ್ಟೇ ಆಯಿತು. ಮೇಲಿನ ನೀರು ಕೆಳಕ್ಕಿಳಿಯಲಾಗದೆ ಹಿಂದೆ ನಿಲ್ಲುತ್ತಿತ್ತು. ಇಳಿತದ ಸಮಯದಲ್ಲಿ ಸೇತುವೆಯ ಒಂದು ಬದಿಗೂ ಇನ್ನೊಂದು ಬದಿಗೂ ನೀರಿನ ಮಟ್ಟದಲ್ಲಿ ಆರಡಿಯವರೆಗೆ ವ್ಯತ್ಯಾಸ ಬೀಳುತ್ತಿತ್ತು. ಕಮಾನಿನಡಿಯಲ್ಲಿ ನೀರು ಜಲಪಾತದಂತೆ ಧುಮುಕುತ್ತಿತ್ತು. ದೋಣಿಯಲ್ಲಿ ಅದನ್ನು ದಾಟುವುದು ಪ್ರಾಣಕ್ಕೆ ಸಂಚಕಾರ. ಎಚ್ಚರವುಳ್ಳವರು ಸೇತುವೆಗೆ ಮೊದಲೇ ಇಳಿದು, ದಡದಲ್ಲಿ ನಡೆದು, ಆ ಕಡೆ ಮತ್ತೆ ದೋಣಿ ಹತ್ತುತ್ತಿದ್ದರು. ಲಂಡನ್ ಸೇತುವೆ ಇರುವುದು ಜಾಣರು ಮೇಲೆ ಹೋಗಲಿಕ್ಕೆ, ದಡ್ಡರು ಕೆಳಗೆ ಹೋಗಲಿಕ್ಕೆ ಎಂಬ ಗಾದೆಯೇ ಹುಟ್ಟಿಕೊಂಡಿತು. 1428ರಲ್ಲಿ ನಾರ್ಫೋಕ್‌ನ ಡ್ಯೂಕ್ ಹೋಗುತ್ತಿದ್ದ ದೋಣಿ ಕಟ್ಟೆಯ ಗೂಟಗಳಿಗೆ ಸಿಕ್ಕಿ ಮಗುಚಿತು. ಡ್ಯೂಕ್ ಗೂಟಗಳ ಮೇಲೆ ಹಾರಿ ಬದುಕಿಕೊಂಡ, ಜತೆಯವರಲ್ಲಿ ಅನೇಕರು ಮುಳುಗಿ ಸತ್ತರು.

ಇದೇ ಹರಿವಿನಲ್ಲಿ ಲಾಭ ಕಂಡವರೂ ಇದ್ದರು. ಪೀಟರ್ ಮಾರಿಸ್ ಎಂಬ ಹೊರದೇಶದ ತಂತ್ರಜ್ಞ 1580ರ ದಶಕದ ಆರಂಭದಲ್ಲಿ ಉತ್ತರ ತುದಿಯ ಕಮಾನಿನಡಿ ದೊಡ್ಡ ನೀರುಚಕ್ರ ಕೂರಿಸಿ, ಅದರ ಬಲದಿಂದ ನದಿಯ ನೀರನ್ನು ಊರಿನ ಮನೆಗಳಿಗೆ ಏರಿಸಿದ. ನಗರಾಡಳಿತ ಅವನಿಗೆ 500 ವರ್ಷದ ಗೇಣಿ ಬರೆದುಕೊಟ್ಟಿತು. ಚಕ್ರಗಳ ಸಂಖ್ಯೆ ಮುಂದೆ ಬೆಳೆಯಿತು, 1822ರವರೆಗೆ ಅವು ತಿರುಗಿದವು. ಆದರೆ ಚಕ್ರ ಕೂತ ಕಮಾನು ಹರಿವಿಗೆ ಮುಚ್ಚಿದ ಹಾಗೆಯೇ. ಉಳಿದ ಕಮಾನುಗಳಲ್ಲಿ ನೀರಿನ ರಭಸ ಅಷ್ಟಕ್ಕಷ್ಟು ಏರಿತು. ಸೇತುವೆಯ ಮೇಲ್ಗಡೆ ನೀರು ನಿಧಾನವಾಗಿದ್ದರಿಂದ ಕೊರೆಯುವ ಚಳಿಗಾಲಗಳಲ್ಲಿ ಥೇಮ್ಸ್ ಹೆಪ್ಪುಗಟ್ಟುವುದೂ ಸುಲಭವಾಯಿತು. 1683–84ರ ಚಳಿಗಾಲದಲ್ಲಿ ಹಾಗೆ ಹೆಪ್ಪುಗಟ್ಟಿದ ನದಿಯ ಮೇಲೆ ಅಂಗಡಿಬೀದಿಯೇ ಎದ್ದಿತು. ಇಂಥ ಕೊನೆಯ ಜಾತ್ರೆ ನಡೆದದ್ದು 1814ರಲ್ಲಿ.

ಇಲ್ಲೇ ಈ ಸೇತುವೆಯ ಮುಖ್ಯ ಗಂಟು ಇದೆ. ಕಟ್ಟೆಗಳು ದಾರಿ ಕಿರಿದು ಮಾಡಿದ್ದರಿಂದ ನೀರು ವೇಗವಾಯಿತು. ವೇಗದ ನೀರು ಕಟ್ಟೆಗಳ ಬದಿಯನ್ನೂ ಅವುಗಳ ನಡುವಿನ ತಳವನ್ನೂ ಕೊರೆಯಿತು. ಕೊರೆದಲ್ಲಿ ರಿಪೇರಿ ಎಂದು ಹೊರಗಡೆ ಇನ್ನೊಂದು ಸಾಲು ಗೂಟ ಬಡಿದು ಮತ್ತೆ ಕಲ್ಲು ತುಂಬಿದರು. ಅದರಿಂದ ಕಟ್ಟೆ ಇನ್ನಷ್ಟು ಅಗಲವಾಯಿತು, ದಾರಿ ಇನ್ನಷ್ಟು ಕಿರಿದಾಯಿತು, ನೀರು ಇನ್ನಷ್ಟು ವೇಗವಾಯಿತು. ಪ್ರತಿ ರಿಪೇರಿಯೂ ಮುಂದಿನ ರಿಪೇರಿಯನ್ನು ಹತ್ತಿರ ತಂದಿತು. ಇಳಿತದ ಕೆಲವು ಗಂಟೆಗಳಲ್ಲಿ ಮಾತ್ರ ಕೆಲಸ ಮಾಡುವ, ಗೂಟ ಬಡಿಯಲೆಂದೇ ಇದ್ದ ಆಳುಗಳ ತಂಡವನ್ನು ಸೇತುವೆಯ ಆಡಳಿತ ಕಾಯಂ ಆಗಿ ಇಟ್ಟುಕೊಂಡಿತ್ತು. ನನ್ನ ಮಟ್ಟಿಗೆ ಈ ಸೇತುವೆಯ ನಿಜವಾದ ನಾಯಕರು ಅವರೇ. ತಣ್ಣೀರಲ್ಲಿ ನಿಂತು ಹಗ್ಗ ಜಗ್ಗಿದ ಆ ಜನರ ಕೈ ನಿಂತಿದ್ದರೆ ಸೇತುವೆ ಒಂದು ತಲೆಮಾರೂ ನಿಲ್ಲುತ್ತಿರಲಿಲ್ಲ.

ಅವರಿಗೆ ಕೂಲಿ ಎಲ್ಲಿಂದ ಬರುತ್ತಿತ್ತು? ಸೇತುವೆಗೆ ತನ್ನದೇ ಆಸ್ತಿ ಇತ್ತು. ಜನ ಸಾಯುವಾಗ ಉಯಿಲಿನಲ್ಲಿ ಸೇತುವೆಗೆಂದು ಹಣ, ಮನೆ, ಜಮೀನು ಬಿಟ್ಟು ಹೋಗುತ್ತಿದ್ದರು. ದಾಟುವ ಗಾಡಿಗೆ, ಹಾಯುವ ಹಡಗಿಗೆ ಸುಂಕವಿತ್ತು. ಸೇತುವೆಯ ಮೇಲಿನ ಅಂಗಡಿಗಳ ಬಾಡಿಗೆ ಇತ್ತು. ಈ ವರಮಾನ ರಿಪೇರಿಗೆ ಹೋಗದೆ ಬೇರೆಡೆ ಹೋದರೆ ಏನಾಗುತ್ತದೆ ಎಂಬುದು ಬೇಗನೆ ಗೊತ್ತಾಯಿತು. 1270ರ ಸುಮಾರಿಗೆ ಮೂರನೆಯ ಹೆನ್ರಿ ಸೇತುವೆಯ ಆದಾಯವನ್ನು ತನ್ನ ರಾಣಿ ಎಲಿನಾರ್‌ಗೆ ಬಿಟ್ಟುಕೊಟ್ಟ. ಆಕೆ ರಿಪೇರಿಗೆ ದುಡ್ಡು ಬಿಚ್ಚಲಿಲ್ಲ, ಸೇತುವೆ ಶಿಥಿಲವಾಗುತ್ತಿದೆ ಎಂದು ನಗರದ ಜನ ದೂರಿದರು. 1281–82ರ ಚಳಿಗಾಲದಲ್ಲಿ ಮಂಜುಗಡ್ಡೆಯ ಒತ್ತಡಕ್ಕೆ ಐದು ಕಮಾನುಗಳು ಕುಸಿದು ಹೋದವು. 1282ರ ರಾಜಶಾಸನದೊಂದಿಗೆ ಸೇತುವೆಯ ಆಸ್ತಿ ಮತ್ತೆ ನಗರದ ಕೈಗೆ ಬಂದು ಭದ್ರವಾಯಿತು. ಬ್ರಿಜ್ ಹೌಸ್ ಎಂದು ಹೆಸರಾದ ಆ ಆಡಳಿತದ ಲೆಕ್ಕಪತ್ರಗಳು 1381ರಿಂದೀಚೆಗಿನವು ಇಂದಿಗೂ ಉಳಿದಿವೆ.

ಐದು ಕಮಾನು ಬಿದ್ದರೂ ಇಡೀ ಸೇತುವೆ ಬೀಳಲಿಲ್ಲ ಎಂಬುದನ್ನು ಗಮನಿಸಬೇಕು. ಕಂಬ ಸಣಕಲಾಗಿದ್ದಿದ್ದರೆ, ಒಂದು ಕಮಾನು ಹೋದೊಡನೆ ಪಕ್ಕದ್ದು ತಡೆಯಿಲ್ಲದೆ ತಳ್ಳಿ, ಕಂಬ ವಾಲಿ, ಒಂದರ ಹಿಂದೊಂದು ಉರುಳುತ್ತಿದ್ದವು. ಇಲ್ಲಿನ ದಪ್ಪ ಕಂಬಗಳು ಆ ತಳ್ಳನ್ನು ಒಂಟಿಯಾಗಿ ತಡೆದು ನಿಂತವು. 1437ರಲ್ಲಿ ದಕ್ಷಿಣ ತುದಿಯ ಬಾಗಿಲಗೋಪುರ ಎರಡು ಕಮಾನುಗಳ ಸಮೇತ ನೀರಿಗೆ ಬಿದ್ದಾಗಲೂ ಹೀಗೆಯೇ ಆಯಿತು. ಹರಿವಿಗೆ ಅಡ್ಡಿಯಾದ ದಪ್ಪವೇ ಸೇತುವೆಯನ್ನು ಉಳಿಸಿತು. ತೆಳ್ಳನೆಯ ಕಂಬಗಳ ಚೆಲುವಾದ ಸೇತುವೆಗಳನ್ನು ಫ್ರಾನ್ಸಿನ ಎಂಜಿನಿಯರ್ ಪೆರೊನೆ ಕಟ್ಟಿ ತೋರಿಸಿದ್ದು 18ನೆಯ ಶತಮಾನದಲ್ಲಿ. ಅಂಥದ್ದರಲ್ಲಿ ಎಲ್ಲ ಕಮಾನುಗಳೂ ಒಂದನ್ನೊಂದು ನೆಚ್ಚಿಕೊಂಡಿರುವುದರಿಂದ ಅವುಗಳ ಆಸರೆಯನ್ನು ಒಟ್ಟಿಗೇ ಬಿಚ್ಚಬೇಕಾಗುತ್ತದೆ.

ಸೇತುವೆಯ ಮೇಲಿನ ಬದುಕಿನ ಬಗ್ಗೆ ಬರೆದವರು ಬಹಳ ಮಂದಿ, ಹಾಗಾಗಿ ಚುಟುಕಾಗಿ ಹೇಳುತ್ತೇನೆ. 1358ರಲ್ಲಿ ಅದರ ಮೇಲೆ 138 ಅಂಗಡಿಗಳಿದ್ದವು. ಕಂಬಗಳ ಮೇಲೆ ನಿಂತ ಮನೆಗಳು ಮರದ ತೊಲೆಗಳ ಆಧಾರದಲ್ಲಿ ನದಿಯ ಮೇಲಕ್ಕೂ ಚಾಚಿದ್ದವು, ಮೇಲಂತಸ್ತುಗಳು ಅಲ್ಲಲ್ಲಿ ಬೀದಿಯ ಮೇಲೆ ಒಂದಕ್ಕೊಂದು ಕೂಡಿಕೊಂಡಿದ್ದವು. ರಾಜದ್ರೋಹದ ಆರೋಪದ ಮೇಲೆ ಕೊಂದ ಇಬ್ಬರ, 1305ರಲ್ಲಿ ಸ್ಕಾಟ್ಲೆಂಡಿನ ಬಂಡಾಯದ ನಾಯಕ ವಿಲಿಯಂ ವಾಲೇಸ್‌ನ ತಲೆಯನ್ನೂ, 1535ರಲ್ಲಿ ದೊರೆಯ ಮಂತ್ರಿಯಾಗಿದ್ದ ಥಾಮಸ್ ಮೋರ್‌ನ ತಲೆಯನ್ನೂ ಈ ಸೇತುವೆಯ ಬಾಗಿಲ ಮೇಲೆ ಈಟಿಗೆ ಸಿಕ್ಕಿಸಿ ನಿಲ್ಲಿಸಿದ್ದರು. ಕಟ್ಟಿದ ಮೂರೇ ವರ್ಷಕ್ಕೆ, 1212ರಲ್ಲಿ, ಎರಡೂ ತುದಿಗೆ ಬೆಂಕಿ ಬಿದ್ದು ನಡುವೆ ಸಿಕ್ಕವರು ಸತ್ತರು. 1633ರ ಬೆಂಕಿಯಲ್ಲಿ ಉತ್ತರ ಭಾಗದ ಮನೆಗಳು ಸುಟ್ಟು ಜಾಗ ಖಾಲಿಯಾಯಿತು. 1666ರಲ್ಲಿ ಲಂಡನ್ನನ್ನೇ ಸುಟ್ಟ ಮಹಾ ಬೆಂಕಿ ಸೇತುವೆ ದಾಟಿ ದಕ್ಷಿಣಕ್ಕೆ ಹಬ್ಬದೆ ನಿಂತದ್ದಕ್ಕೆ ಆ ಖಾಲಿ ಜಾಗವೂ ಕಾರಣ.

1750ರಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆ ತೆರೆದುಕೊಂಡಿತು. ಹಳೆಯದರ ಇಕ್ಕಟ್ಟು ಆಗ ಎದ್ದು ಕಂಡಿತು. 1757ರಿಂದ 1762ರ ಹೊತ್ತಿಗೆ ಮನೆಗಳನ್ನೆಲ್ಲ ಕೆಡವಿ ದಾರಿ ಅಗಲ ಮಾಡಿದರು. ಹಡಗಿಗೆ ಅನುಕೂಲವಾಗಲೆಂದು ನಡುವಿನ ಒಂದು ಕಂಬ ಕಿತ್ತು, ಎರಡು ಕಮಾನುಗಳ ಜಾಗದಲ್ಲಿ 70 ಅಡಿ ಅಗಲದ ಒಂದೇ ದೊಡ್ಡ ಕಮಾನು ಕಟ್ಟಿದರು. ಅದು ಮುಗಿದದ್ದು 1759ರಲ್ಲಿ. ಐದು ಶತಮಾನಗಳಿಂದ ಕಟ್ಟೆಗಳ ಹಿಂದೆ ತಡೆದು ನಿಂತಿದ್ದ ಹರಿವಿಗೆ ಒಮ್ಮೆಗೇ ಒಂದು ಬಾಗಿಲು ತೆರೆದಂತಾಯಿತು. ನೀರೆಲ್ಲ ಅಲ್ಲಿಗೇ ನುಗ್ಗಿ ತಳ ಕೊರೆದು, ಪಕ್ಕದ ಕಂಬಗಳ ಬುಡ ಬಯಲಾಗುತ್ತಾ ಬಂತು. ದೊಡ್ಡ ಕಮಾನು ಬಿದ್ದೇಹೋಗುತ್ತದೆ ಎಂದು ಜನ ಸೇತುವೆ ಹತ್ತಲೂ ಹೆದರಿದರು. 1761ರಲ್ಲಿ ಎಂಜಿನಿಯರ್ ಜಾನ್ ಸ್ಮೀಟನ್‌ಗೆ ಕರೆ ಹೋಯಿತು. ಅವನ ಸಲಹೆ ಸರಳವಾಗಿತ್ತು: ಆಗಷ್ಟೇ ಕೆಡವಿದ್ದ ನಗರದ ಹಳೆಯ ಬಾಗಿಲುಗಳ ಕಲ್ಲುಗಳನ್ನು ಮರಳಿ ಕೊಂಡು ತಂದು ಕೊರಕಲಿಗೆ ಸುರಿಯಿರಿ. ಹಾಗೆ ಸುರಿದು ಸೇತುವೆ ಉಳಿಸಿಕೊಂಡರು. ಮಧ್ಯಯುಗದ ಬುಡವನ್ನು ಅಳತೆ ಮಾಡದೆ ಮೇಲಿನದನ್ನಷ್ಟೇ ಆಧುನಿಕಗೊಳಿಸಲು ಹೊರಟರೆ ಹೀಗಾಗುತ್ತದೆ.

ಕಡೆಗೆ ಹಳೆಯದರ ಮೇಲ್ಗಡೆ, ಸ್ವಲ್ಪ ದೂರದಲ್ಲಿ, ಎಂಜಿನಿಯರ್ ಜಾನ್ ರೆನ್ನಿಯ ನಕ್ಷೆಯಂತೆ ಐದೇ ಕಮಾನುಗಳ ಹೊಸ ಸೇತುವೆ ಎದ್ದು 1831ರ ಆಗಸ್ಟ್ 1ರಂದು ತೆರೆಯಿತು. ಕೂಡಲೇ ಹಳೆಯದನ್ನು ಒಡೆಯಲು ಶುರು ಮಾಡಿದರು. ಅರಿಜೋನಾದ ಲೇಕ್ ಹವಾಸುವಿನಲ್ಲಿ ಈಗ ಇರುವ ಲಂಡನ್ ಸೇತುವೆ ಮಧ್ಯಯುಗದ್ದೆಂದು ಹಲವರು ತಿಳಿದಿದ್ದಾರೆ. 1968ರಲ್ಲಿ ಮಾರಾಟವಾಗಿ ಅಮೆರಿಕಕ್ಕೆ ಹೋದದ್ದು ರೆನ್ನಿಯ ಸೇತುವೆಯ ಹೊರಮೈ ಕಲ್ಲುಗಳು. ಪೀಟರ್ ಕಟ್ಟಿಸಿದ ಸೇತುವೆಯ ಕೆಲವು ಕಲ್ಲುಗಳು ಬೇಕಾದರೆ ಲಂಡನ್ನಿನ ಸೇಂಟ್ ಮ್ಯಾಗ್ನಸ್ ಚರ್ಚಿನ ಅಂಗಳದಲ್ಲಿವೆ. ಆ ಚರ್ಚಿನ ಗೋಪುರದಡಿಯ ದಾರಿಯೇ ಒಂದು ಕಾಲಕ್ಕೆ ಸೇತುವೆಗೆ ಹೋಗುವ ಕಾಲುದಾರಿಯಾಗಿತ್ತು. ವಿಕ್ಟೋರಿಯಾ ಪಾರ್ಕ್‌ನಲ್ಲಿರುವ ಕಲ್ಲಿನ ಆಸನಗೂಡುಗಳು ಸೇತುವೆಯವೇ ಆದರೂ 18ನೆಯ ಶತಮಾನದ ಆ ನವೀಕರಣದ ಕಾಲದವು.

ಕಂಬ, ಕಟ್ಟೆಗಳು ಹೋದ ಮೇಲೆ ನದಿಯೇ ಬದಲಾಯಿತು. ತಡೆ ಇಲ್ಲದ ಉಬ್ಬರ ಇಳಿತ ಮೇಲ್ಗಡೆಗೆ ಜೋರಾಗಿ ಹರಿದಾಡಿ ತಳವನ್ನು ಕೊರೆಯತೊಡಗಿತು. ಹಳೆಯ ಸೇತುವೆಯ ನೆರಳಿನಲ್ಲಿ, ನಿಧಾನ ನೀರಿನಲ್ಲಿ ಬುಡ ಹಾಕಿದ್ದ ವೆಸ್ಟ್‌ಮಿನ್‌ಸ್ಟರ್ ಮತ್ತು ಬ್ಲಾಕ್‌ಫ್ರಯರ್ಸ್ ಸೇತುವೆಗಳು ಇದರಿಂದ ಇನ್ನಷ್ಟು ಕುಸಿಯುತ್ತಾ ಹೋದವು. ಅವುಗಳ ಜಾಗದಲ್ಲಿ 1862 ಮತ್ತು 1869ರಲ್ಲಿ ಹೊಸವು ಬಂದವು. ಪೀಟರ್‌ನ ಕಾಲದಿಂದ ಜನ ಬಿಟ್ಟುಹೋದ ದಾನದ ಆಸ್ತಿ ಮಾತ್ರ ಕರಗಲಿಲ್ಲ. ಇಂದು ಸಿಟಿ ಬ್ರಿಜ್ ಫೌಂಡೇಶನ್ ಎಂಬ ಹೆಸರಿನಲ್ಲಿ ಅದು ಲಂಡನ್, ಟವರ್, ಸದರ್ಕ್, ಬ್ಲಾಕ್‌ಫ್ರಯರ್ಸ್ ಮತ್ತು ಮಿಲೇನಿಯಂ ಎಂಬ ಐದು ಸೇತುವೆಗಳ ನಿರ್ವಹಣೆಯ ಖರ್ಚು ನೋಡಿಕೊಳ್ಳುತ್ತಿದೆ.